ನಲವತ್ತಾರು ಲೀಟರ್

ಮೇ 6

ಪುಟ್ಟಿ,

ಅಕ್ಕನ ಕಾಗದ ಬಂತೆಂದರೆ ಏನೋ ಕೆಟ್ಟ ಸುದ್ದಿ ಎಂದು ನೀನು ಲಕೋಟೆಯನ್ನು ಬೆಳಕಿಗೆ ಹಿಡಿದು ನೋಡುತ್ತೀಯ. ಅಂಥದ್ದೇನಿಲ್ಲ. ನಿನ್ನ ಭಾವನ ಬೆನ್ನು ಹಾಗೇ ಇದೆ. ಕೂತರೆ ಏಳಲು ಒಬ್ಬರು ಬೇಕು, ಎದ್ದರೆ ಕೂರಲು ಒಬ್ಬರು ಬೇಕು. ಮಾತಿಗೆ ಮಾತ್ರ ಯಾರೂ ಬೇಡ.

ಈಗ ವಿಷಯ. ನಮ್ಮ ಕಾರ್ಖಾನೆಗೆ ಆಗಸ್ಟ್ ತಿಂಗಳಲ್ಲಿ ತೊಳೆಯುವ ಯಂತ್ರ ಬರುತ್ತದಂತೆ. ಬೀಗ, ಬೋಲ್ಟು, ಬಾಗಿಲ ಹಿಡಿಗಳನ್ನು ಆಸಿಡ್ಡಿನಿಂದ ತೆಗೆದು ತೊಳೆಯುವ ನಾವು ಐದು ಜನ ಹೆಂಗಸರು ಆಮೇಲೆ ಯಾರಿಗೂ ಬೇಡ. ಆದರೆ ಹಿತ್ತಲಲ್ಲಿ ಕೊಳೆನೀರಿನ ತೊಟ್ಟಿ ಇದೆಯಲ್ಲ, ಅಲ್ಲಿಗೆ ಲೆಕ್ಕ ಬಲ್ಲ ಒಬ್ಬರು ಬೇಕು. ಎಷ್ಟು ಆಸಿಡ್ ನೀರಿಗೆ ಎಷ್ಟು ಕಾಸ್ಟಿಕ್ ಸೋಡಾ ಹಾಕಿದರೆ ಅದು ಸುಮ್ಮನಾಗುತ್ತದೆ ಎಂಬ ಲೆಕ್ಕ. ಆಗಸ್ಟ್ ನಾಲ್ಕರಂದು ಅದಕ್ಕೊಂದು ಪರೀಕ್ಷೆ ಇದೆ. ಪಾಸಾದವರಿಗೆ ತೊಟ್ಟಿ ಕೋಣೆ. ನನಗೆ ಬೇಕು.

ಪುಸ್ತಕದ ಲೆಕ್ಕಗಳನ್ನು ಕಳಿಸುತ್ತಾ ಇರುತ್ತೇನೆ. ನೀನು ಉತ್ತರ ಕಳಿಸು. ಮೊದಲನೆಯದು: ಹೈಡ್ರೋಕ್ಲೋರಿಕ್ ಆಮ್ಲ, 1,500 ಲೀಟರ್, 0.04 ಮೋಲಾರ್. ಕಾಸ್ಟಿಕ್ ಸೋಡಾ ದ್ರಾವಣ 2 ಮೋಲಾರ್. ಎಷ್ಟು ಲೀಟರ್ ಬೇಕು?

ಒಂದು ಮಾತು. ಕಚೇರಿಗೆ ಫೋನ್ ಮಾಡಬೇಡ. ಫೋನು ಇರುವುದು ಯಜಮಾನರ ಮೇಜಿನ ಮೇಲೆ.

ಅಕ್ಕ


ಮೇ 11

ಅಕ್ಕ,

ಒಂಬತ್ತನೇ ಕ್ಲಾಸಿಗೆ ಬಿಟ್ಟ ಪುಸ್ತಕವನ್ನು ನಲವತ್ತಮೂರಕ್ಕೆ ಹಿಡಿದಿದ್ದೀಯ. ಇಲ್ಲಿ ನನ್ನ ಒಂಬತ್ತನೇ ಕ್ಲಾಸಿನವರು ಹಿಡಿದದ್ದನ್ನು ಬಿಡುವ ಆತುರದಲ್ಲಿದ್ದಾರೆ.

ಉತ್ತರ ಮೂವತ್ತು ಲೀಟರ್. ಆದರೆ ಉತ್ತರಕ್ಕಿಂತ ದಾರಿ ಮುಖ್ಯ. ಆಮ್ಲಕ್ಕೆ ಚಿವುಟುವ ಕೈ ಇದೆ ಎಂದುಕೊ. ಕ್ಷಾರಕ್ಕೂ ಒಂದು ಕೈ ಇದೆ. ಒಂದರ ಕೈಯನ್ನು ಇನ್ನೊಂದು ಹಿಡಿದುಬಿಟ್ಟರೆ ಚಿವುಟುವುದು ನಿಲ್ಲುತ್ತದೆ. ಉಳಿಯುವುದು ನೀರು, ಒಂದಿಷ್ಟು ಉಪ್ಪು. 0.04 ಎಂದರೆ ಒಂದು ಲೀಟರಿನಲ್ಲಿ ಎಷ್ಟು ಕೈಗಳಿವೆ ಎಂಬ ಲೆಕ್ಕ. ಅದನ್ನು 1,500ರಿಂದ ಗುಣಿಸಿದರೆ ತೊಟ್ಟಿಯಲ್ಲಿರುವ ಒಟ್ಟು ಕೈ ಅರವತ್ತು. ಸೋಡಾದ ಒಂದು ಲೀಟರಿನಲ್ಲಿ ಎರಡು. ಅರವತ್ತನ್ನು ಎರಡರಿಂದ ಭಾಗಿಸು. ಇಷ್ಟೇ.

ಮುಂದಿನದನ್ನು ನೀನೇ ಮಾಡಿ ಕಳಿಸು. ನಾನು ತಿದ್ದುತ್ತೇನೆ.

ನಿನ್ನ ಪುಟ್ಟಿ


ಮೇ 19

ಪುಟ್ಟಿ,

ಉತ್ತರ ಸರಿಯಾಗಿತ್ತು. ಪುಸ್ತಕದ ಹಿಂದೆ ಕೊಟ್ಟದ್ದಕ್ಕೆ ತಾಳೆಯಾಯಿತು.

ಕೈ ಹಿಡಿಯುವ ಕತೆ ಚೆನ್ನಾಗಿದೆ, ನಿನ್ನ ಭಾವನಿಗೂ ಹೇಳಿದೆ. “ಹಂಗಾದ್ರೆ ನಾನು ನಿನ್ನ ಕೈ ಹಿಡ್ದಾಗ್ಲೂ ಚಿವುಟೋದು ನಿಂತಿತ್ತಾ?” ಎಂದರು. ಆದರೆ ನನಗೆ ಸದ್ಯ ದಾರಿ ಬೇಡ, ಉತ್ತರ ಸಾಕು. ಕಲಿಯುವುದನ್ನು ಜುಲೈಯಲ್ಲಿ ಕಲಿಯುತ್ತೇನೆ.

ಎರಡನೆಯದು: ಅದೇ ಆಮ್ಲ, 1,730 ಲೀಟರ್, 0.06. ಸೋಡಾ ಅದೇ.

ಅಕ್ಕ


ಮೇ 24

ಅಕ್ಕ,

51.9 ಲೀಟರ್. ಐವತ್ತೊಂದು ಲೀಟರ್ ಒಂಬೈನೂರು ಮಿಲಿಲೀಟರ್.

ಯಾವ ಪುಸ್ತಕ ಅದು? ಕಲಿಯುವವರಿಗೆ ಬರೆದ ಪುಸ್ತಕದಲ್ಲಿ ಸಂಖ್ಯೆಗಳು ಸಲೀಸಾಗಿ ಭಾಗವಾಗುವಂತೆ ಆರಿಸಿರುತ್ತಾರೆ. 1,730 ಎಂದು ಯಾರೂ ಕೊಡುವುದಿಲ್ಲ. ಪುಸ್ತಕದ ಹೆಸರು ಬರೆದರೆ ನಮ್ಮ ಗ್ರಂಥಾಲಯದಲ್ಲಿ ಹುಡುಕುತ್ತೇನೆ.

ಪುಟ್ಟಿ


ಜೂನ್ 5

ಪುಟ್ಟಿ,

ಮೂರನೆಯದು: ಆಮ್ಲ 1,840 ಲೀಟರ್, 0.05. ಸೋಡಾ ಅದೇ. ಹದಿಮೂರನೇ ತಾರೀಕಿನೊಳಗೆ ಉತ್ತರ ನನ್ನ ಕೈಸೇರಬೇಕು. ನಿಮ್ಮಲ್ಲಿ ಅಂಚೆ ಚೀಲ ಮಂಗಳವಾರ, ಶುಕ್ರವಾರ ಮಾತ್ರ ಹೋಗುವುದು ಅಲ್ಲವೇ? ಮಂಗಳವಾರವನ್ನು ತಪ್ಪಿಸಬೇಡ.

ಇಲ್ಲಿ ಸೆಕೆ. ಬೇರೇನಿಲ್ಲ.

ಅಕ್ಕ


ಜೂನ್ 9

ಅಕ್ಕ,

ನಲವತ್ತಾರು ಲೀಟರ್.

ಯಾವ ಆಮ್ಲ ಎಂದು ಈ ಸಲ ನೀನು ಬರೆದಿಲ್ಲ. ಹಿಂದಿನದೇ ಎಂದುಕೊಂಡು ಮಾಡಿದ್ದೇನೆ. ಉತ್ತರಪತ್ರಿಕೆಗಳ ಕಟ್ಟು ಮುಂದಿದೆ, ಚೀಲ ಕಟ್ಟಲು ಇನ್ನು ಹತ್ತು ನಿಮಿಷ ಎಂದು ಅಂಚೆಯವರು ಬಾಗಿಲಲ್ಲಿ ನಿಂತಿದ್ದಾರೆ. ಪುಸ್ತಕದ ಹೆಸರು ಕೇಳಿದ್ದೆ, ನೀನು ಹೇಳಲಿಲ್ಲ.

ಪುಟ್ಟಿ


ಜೂನ್ 14

ಪುಟ್ಟಿ,

ಪುಸ್ತಕ ಇಲ್ಲ.

ಮೇ ಮೂರರಂದು ಯಜಮಾನರು ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ, “ಆಗಸ್ಟ್‌ವರೆಗೂ ತೊಟ್ಟಿ ನೋಡ್ಕೊಳ್ಳೋಕೆ ಯಾರಿಗಾದ್ರೂ ಈ ಲೆಕ್ಕ ಬರುತ್ತಾ?” ಎಂದು ಕೇಳಿದರು. ಎಲ್ಲರೂ ತಮ್ಮ ತಮ್ಮ ಕಾಲ್ಬೆರಳು ನೋಡಿಕೊಂಡರು. ನನ್ನ ಬಾಯಿ ನನ್ನನ್ನು ಕೇಳದೆ, “ನನಗೆ ಬರುತ್ತೆ” ಎಂದುಬಿಟ್ಟಿತು. ಅವತ್ತೇ ಕೀಲಿ ಕೊಟ್ಟರು. ತೊಟ್ಟಿ ತುಂಬಿದ ಸೋಮವಾರ ನೀರು ಪರೀಕ್ಷಿಸುವವನೊಬ್ಬ ಗಾಜಿನ ಕೊಳವೆ ಹಿಡಿದು ಬಂದು ಬೋರ್ಡಿನ ಮೇಲೆ ಸಂಖ್ಯೆ ಬರೆದು ಹೋಗುತ್ತಾನೆ. ಆ ಸಂಖ್ಯೆಯನ್ನೇ ನಾನು ನಿನಗೆ ಬರೆಯುತ್ತಿದ್ದದ್ದು. ಕಷ್ಟ ಹೇಳಿಕೊಂಡಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಬೇಡ ಎನ್ನಲು ನಿನಗೆ ಸಂಬಳವಿದೆ.

ಮೊದಲೆರಡು ಸಲ ತೊಟ್ಟಿಗೆ ನೀನು ಹೇಳಿದಷ್ಟೇ ಹುಯ್ದೆ. ಲಿಟ್ಮಸ್ ಕಾಗದ ಅದ್ದಿದರೆ ಕೆಂಪೂ ಇಲ್ಲ, ನೀಲಿಯೂ ಇಲ್ಲ, ತಣ್ಣಗಿತ್ತು. ಈ ಸಲ ನಲವತ್ತಾರು ಲೀಟರ್ ಹುಯ್ದ ಮೇಲೂ ಕಾಗದ ಕೆಂಪು. ಮತ್ತೊಂದು ಅದ್ದಿದೆ, ಅದೂ ಕೆಂಪು. ಡಬ್ಬಿಯ ಮುಚ್ಚಳ ಸರಿಯಿರಲಿಲ್ಲ, ಮೇ ತಿಂಗಳಿಡೀ ಆಸಿಡ್ ಹೊಗೆ ಬಡಿದು ಕಾಗದ ಕೆಟ್ಟಿರಬೇಕು. ಇಡೀ ಡಬ್ಬಿಯನ್ನೇ ಕಸಕ್ಕೆ ಎಸೆದೆ. ಕಾಗದ ಸುಳ್ಳು ಹೇಳಬಹುದು, ಲೆಕ್ಕದಲ್ಲಿ ನೀನು ಯಾವತ್ತೂ ತಪ್ಪಿದವಳಲ್ಲ. ಆದರೂ ಎರಡೂ ಕಾಗದ ಕೆಂಪಾದದ್ದು ತಲೆಯಿಂದ ಹೋಗುತ್ತಿಲ್ಲ, ಅದಕ್ಕೇ ಎಲ್ಲ ಬರೆಯುತ್ತಿದ್ದೇನೆ.

ಇಪ್ಪತ್ತರ ಬೆಳಿಗ್ಗೆ ಹತ್ತಕ್ಕೆ ತನಿಖೆಯವರು ಬಾಟಲಿ ಹಿಡಿದು ಬರುತ್ತಾರೆ. ಅವರ ಮುಂದೆ ವಾಲ್ವ್ ತೆರೆಯಬೇಕು. ನೀರು ಹೋಗುವುದು ಕಾಲುವೆಗೆ, ಅಲ್ಲಿಂದ ಸೊಪ್ಪು ಬೆಳೆಯುವವರ ಮಡಿಗಳಿಗೆ. ಅವರ ಮಕ್ಕಳು ಬರಿಗಾಲಲ್ಲಿ ಅದೇ ಕಾಲುವೆಯಲ್ಲಿ ನಿಂತಿರುತ್ತಾರೆ.

ಮೇ ಕೊನೆಗೆ ಹೊಸ ಪೀಪಾಯಿಗಳು ಬಂದಿವೆ. ಈ ಆಸಿಡ್ ಒಳ್ಳೆಯದು. ಎಣ್ಣೆಯ ಹಾಗೆ ಮಂದ, ಹೊಗೆ ಏಳುವುದಿಲ್ಲ, ಕಣ್ಣು ಉರಿಯುವುದಿಲ್ಲ.

ಅಕ್ಕ


ಜೂನ್ 17

ಪುಟ್ಟಿ,

ಹಿಂದಿನ ಕಾಗದ ನಿನಗಿನ್ನೂ ತಲುಪಿರಲಿಕ್ಕಿಲ್ಲ. ಮೊದಲು ಇದನ್ನು ಓದಿದರೂ ಸರಿಯೇ, ಗಾಬರಿಯಾಗಬೇಡ.

ನಿನ್ನೆ ಔಷಧಿ ಅಂಗಡಿಗೆ ಹೋಗಿ ಹೊಸ ಲಿಟ್ಮಸ್ ಡಬ್ಬಿ ತಂದೆ. ಸೀಲು ಒಡೆದು ಅದ್ದಿದೆ. ಕೆಂಪು. ಅನುಮಾನಕ್ಕೆ ನಲ್ಲಿ ನೀರಿನಲ್ಲಿ ಅದ್ದಿದೆ, ಏನೂ ಆಗಲಿಲ್ಲ. ಮತ್ತೆ ತೊಟ್ಟಿಗೆ ಅದ್ದಿದೆ. ಕೆಂಪು. ಕೋಣೆಯ ಬಾಗಿಲು ಮುಂದೆ ಮಾಡಿ ಸ್ಟೂಲಿನ ಮೇಲೆ ಕೂತೆ. ಕಾಗದ ಕೆಟ್ಟಿಲ್ಲವೆಂದರೆ ಕೆಟ್ಟಿರುವುದು ಯಾರು ಎಂದು ಯೋಚಿಸಲು ನನಗೆ ಬಹಳ ಹೊತ್ತು ಹಿಡಿಯಿತು. ಯೋಚನೆ ನಿನ್ನ ಹತ್ತಿರ ಬರುತ್ತಿತ್ತು, ವಾಪಸು ಹೋಗುತ್ತಿತ್ತು.

ಆಮೇಲೆ ಎದ್ದು ಅಳತೆ ಜಾಡಿ ಹಿಡಿದೆ. ಎರಡು ಲೀಟರ್ ಹುಯ್ಯುವುದು, ಮರದ ಹುಟ್ಟಿನಿಂದ ಕಲಕುವುದು, ಕಾಗದ ಅದ್ದುವುದು. ಪೀಪಾಯಿ ಉರುಳಿಸುವ ಉದ್ದಣ್ಣ ಇಣುಕಿ, “ಏನಕ್ಕಾ, ತೊಟ್ಟಿಗೆ ಹಾಲು ಕುಡಿಸ್ತಿದ್ದೀಯಾ?” ಎಂದು ಕೇಳಿದ. “ಹಸಿವಾಗಿದೆಯಂತೆ ಕಣಪ್ಪ” ಎಂದೆ. ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಾ ಹೋದೆ. ಇಪ್ಪತ್ತಮೂರನೇ ಗೀಟಿಗೆ ಕಾಗದ ಸುಮ್ಮನಾಯಿತು. ಎಂದರೆ ಮತ್ತೆ ನಲವತ್ತಾರು ಲೀಟರ್. ಒಟ್ಟು ತೊಂಬತ್ತೆರಡು.

ಹೆಚ್ಚುಕಡಿಮೆ ಆಗಿದ್ದರೆ ಕಣ್ತಪ್ಪು ಅನ್ನಬಹುದು. ಸರಿಯಾಗಿ ದುಪ್ಪಟ್ಟು. ಇದರಲ್ಲಿ ಏನೋ ಇದೆ. ಏನು ಅಂತ ಬರಿ. ಈ ಸಲ ದಾರಿ ಬೇಕು.

ಯಾರಿಗೂ ಹೇಳಿಲ್ಲ, ಹೇಳುವ ಅಗತ್ಯವೂ ಇಲ್ಲ. ಇಪ್ಪತ್ತಕ್ಕೆ ಧೈರ್ಯವಾಗಿ ತೆರೆಯುತ್ತೇನೆ.

ಅಕ್ಕ


ಜೂನ್ 19

ಅಕ್ಕ,

ನಿನ್ನ ಹದಿನಾಲ್ಕರ ಪತ್ರ ಇವತ್ತು ಹನ್ನೊಂದು ಗಂಟೆಗೆ ಬಂತು. ಎಣ್ಣೆಯ ಹಾಗೆ ಮಂದ, ಹೊಗೆ ಏಳುವುದಿಲ್ಲ ಎಂದಿದ್ದೀಯ. ಅದು ಸಲ್ಫ್ಯೂರಿಕ್ ಆಮ್ಲ. ಹೈಡ್ರೋಕ್ಲೋರಿಕ್‌ಗೆ ಕೈ ಒಂದಾದರೆ ಇದಕ್ಕೆ ಎರಡು. ನಾನು ಕೊಟ್ಟ ಉತ್ತರ ಅರ್ಧ. ನಿನ್ನ ತೊಟ್ಟಿಯಲ್ಲಿ ಅರ್ಧ ಆಮ್ಲ ಹಾಗೇ ಇದೆ.

ಪತ್ರ ಬರೆದರೆ ಇಪ್ಪತ್ತಕ್ಕೆ ತಲುಪುವುದಿಲ್ಲ. ನೀನು ಬೇಡ ಎಂದಿದ್ದನ್ನು ಮಾಡಿದೆ. ಕ್ಲಾಸು ಬಿಟ್ಟು ಅಂಚೆ ಕಚೇರಿಗೆ ಎರಡು ಮೈಲಿ ನಡೆದೆ. ಲೈನು ಸಿಗಲು ಒಂದೂವರೆ ಗಂಟೆ ಕಾದೆ. ನಿಮ್ಮ ಯಜಮಾನರೇ ಎತ್ತಿದರು.

“ನಿಮ್ಮಲ್ಲಿ ತೊಟ್ಟಿ ನೋಡ್ತಾರಲ್ಲ, ನಾನು ಅವರ ತಂಗಿ” ಎಂದೆ.

“ಕೆಲಸದ ಹೊತ್ತಲ್ಲಿ ಮನೆಯವರ ಫೋನ್ ಕೊಡಲ್ಲಮ್ಮ.”

“ಅವಳಿಗೆ ಕೊಡೋದು ಬೇಡ ಸಾರ್. ನಾಳೆ ತೊಟ್ಟಿ ತೆರೀಬೇಡಿ. ಲೆಕ್ಕ ತಪ್ಪಾಗಿದೆ.”

“ಯಾರ ಲೆಕ್ಕ?”

“ನನ್ನದು.”

ಅವರು ಮೆಲ್ಲಗೆ, “ನಿಮ್ಮ ಲೆಕ್ಕಕ್ಕೂ ನಮ್ಮ ತೊಟ್ಟಿಗೂ ಏನಮ್ಮ ಸಂಬಂಧ?” ಎಂದು ಕೇಳಿದರು. ಆಗ ಒಂದು ಸುಳ್ಳು ಹೇಳಬಹುದಿತ್ತು. ನನಗೆ ಹೊಳೆಯಲಿಲ್ಲ. ಕಾಲುವೆಯಲ್ಲಿ ನಿಂತ ಮಕ್ಕಳ ಕಾಲುಗಳೇ ಕಣ್ಣ ಮುಂದೆ ಇದ್ದವು.

ಇನ್ನೊಂದು ವಿಷಯ ಈಗಲೇ ಬರೆದುಬಿಡುತ್ತೇನೆ. 1,730 ಎಂಬ ಸಂಖ್ಯೆ ಕಂಡಾಗಲೇ ಇದು ಪುಸ್ತಕದ ಲೆಕ್ಕವಲ್ಲ ಎಂದು ನನಗೆ ತಿಳಿದಿತ್ತು. ಪುಸ್ತಕದ ಹೆಸರು ಕೇಳಿದ ಹಾಗೆ ಮಾಡಿದೆ, ಒತ್ತಿ ಕೇಳಲಿಲ್ಲ. ನೀನು ನನ್ನನ್ನು ಏನಾದರೂ ಕೇಳುವುದು ಇದೇ ಮೊದಲು. ಅದು ನಿಂತುಹೋಗದಿರಲಿ ಎಂದಿತ್ತು.

ಪುಟ್ಟಿ


ಜೂನ್ 30

ಪುಟ್ಟಿ,

ಹದಿನೇಳರ ನನ್ನ ಕಾಗದ ಇಷ್ಟು ಹೊತ್ತಿಗೆ ಓದಿರುತ್ತೀಯ. ನೀನು ಫೋನ್ ಮಾಡುವ ಹೊತ್ತಿಗೆ ತೊಟ್ಟಿ ಸರಿಹೋಗಿ ಮೂರು ದಿನವಾಗಿತ್ತು.

“ಏನಮ್ಮಾ ವಿಜ್ಞಾನಿ, ಬಾ ಇಲ್ಲಿ” ಎಂದು ಯಜಮಾನರು ಅಂಗಳದ ನಡುವಿನಿಂದ ಕರೆದರು. ಮೇ ಮೂರರಂದು ನಿಂತಿದ್ದ ಜಾಗದಲ್ಲೇ ಎಲ್ಲರೂ ನಿಂತಿದ್ದರು. ಅವರೇ ತೊಟ್ಟಿಗೆ ಬಗ್ಗಿ ಕಾಗದ ಅದ್ದಿ ನೋಡಿದರು. ಏನೂ ಆಗಲಿಲ್ಲ. ಮರುದಿನ ತನಿಖೆಯವರು ಬಾಟಲಿ ತುಂಬಿಕೊಂಡು ಸಹಿ ಹಾಕಿ ಹೋದರು. ಅವರು ಗೇಟು ದಾಟಿದ ಮೇಲೆ ಯಜಮಾನರು ಕೈ ಚಾಚಿ, “ನೀರು ಸರಿ ಇದೆ. ನೀನು ಹೇಳಿದ ಮಾತು ಸರಿ ಇರಲಿಲ್ಲ. ಕೀಲಿ ಕೊಡು” ಎಂದರು.

ಈಗ ಮತ್ತೆ ತೊಳೆಯುವ ಸಾಲಿನಲ್ಲಿದ್ದೇನೆ. ಉದ್ದಣ್ಣ ತೊಟ್ಟಿಯ ಸಂಗತಿ ಬಲ್ಲವನು, ಅವನೂ, “ತಂಗಿ ಓದಿದ್ದಕ್ಕೆ ಅಕ್ಕ ಪಾಸು” ಎಂದು ನಗುತ್ತಾನೆ. ಪರೀಕ್ಷೆಗೆ ಕೂರಬೇಡ ಎಂದು ಯಜಮಾನರು ಹೇಳಿಲ್ಲ. ಪಾಸಾದರೆ ತೊಟ್ಟಿ, ಇಲ್ಲದಿದ್ದರೆ ಯಂತ್ರ ಒಳಗೆ ಬಂದ ದಿನ ನಾನು ಹೊರಗೆ.

ಮಕ್ಕಳ ಕಾಲಿನ ವಿಷಯ ನೀನು ಬರೆದದ್ದು ನಿಜ. ನಾನಾಗಿದ್ದರೂ ಫೋನ್ ಮಾಡುತ್ತಿದ್ದೆನೇನೋ. ಅದನ್ನು ನನಗೆ ನಾನೇ ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳುತ್ತೇನೆ. ಆದರೆ ನಿನ್ನನ್ನು ನಂಬಿ ಒಂದು ಡಬ್ಬಿ ಕಾಗದ ಎಸೆದವಳು ನಾನು. ತೊಟ್ಟಿಯ ಪಕ್ಕದಲ್ಲೇ ದಿನವಿಡೀ ನಿಂತಿರುವ ಅಕ್ಕನಿಗೆ ಕಣ್ಣಿದೆ, ಅವಳಿಗೂ ಕಾಣಬಹುದು ಎಂದು ನಿನಗೆ ಅನ್ನಿಸಲೇ ಇಲ್ಲ.

ಅಕ್ಕ


ಜುಲೈ 4

ಅಕ್ಕ,

ಅನ್ನಿಸಲಿಲ್ಲ.

ದುಪ್ಪಟ್ಟು ಯಾಕೆ ಎಂದು ನೀನು ಕೇಳಿದ್ದೆ. ತಪ್ಪು ಮೇ ತಿಂಗಳಲ್ಲೇ ಆದದ್ದು. 0.04 ಎಂದರೆ ಲೀಟರಿಗೆ ಎಷ್ಟು ಕೈ ಎಂಬ ಲೆಕ್ಕ ಎಂದು ಬರೆದಿದ್ದೆ. ಹಾಗಲ್ಲ, ಅದು ಆಳುಗಳ ಲೆಕ್ಕ. ಹೈಡ್ರೋಕ್ಲೋರಿಕ್ ಒಂಟಿಕೈ ಆಳು, ಹಾಗಾಗಿ ಆಳು ಎಣಿಸಿದರೂ ಕೈ ಎಣಿಸಿದರೂ ಒಂದೇ. ಮಕ್ಕಳಿಗೆ ಸುಲಭವಾಗಲಿ ಎಂದು ಹದಿನಾರು ವರ್ಷದಿಂದ ಹೀಗೇ ಹೇಳುತ್ತಾ ಬಂದಿದ್ದೇನೆ. ಸಲ್ಫ್ಯೂರಿಕ್‌ನಲ್ಲಿ ಒಬ್ಬೊಬ್ಬ ಆಳಿಗೂ ಎರಡೆರಡು ಕೈ. ಮೊದಲು ಆಳು ಎಣಿಸು. ಆಮೇಲೆ ಒಬ್ಬನಿಗೆ ಎಷ್ಟು ಕೈ ಎಂದು ಕೇಳು.

ಎರಡು ದಿನ ರಜೆ ಹಾಕಿ ಬಂದು ಯಜಮಾನರೊಂದಿಗೆ ಮಾತಾಡಲೇ?

ಪುಟ್ಟಿ


ಜುಲೈ 13

ಅಕ್ಕ,

ಎರಡು ಅಂಚೆ ಚೀಲ ಬಂದವು. ನಿನ್ನ ಕಾಗದ ಇರಲಿಲ್ಲ.

ಪುಟ್ಟಿ


ಜುಲೈ 21

ಪುಟ್ಟಿ,

ಬರಬೇಡ. ನೀನು ಬಂದು ಮಾತಾಡಿದರೆ ಅದೂ ನಿನ್ನ ಲೆಕ್ಕವೇ ಆಗುತ್ತದೆ.

ಪೇಟೆಯಲ್ಲಿ ಹಳೆ ಪುಸ್ತಕವೊಂದು ಸಿಕ್ಕಿತು. ಈ ಸಲ ನಿಜವಾದ ಪುಸ್ತಕ. ಹಿಂದಿನ ಉತ್ತರಗಳ ಹಾಳೆಗಳನ್ನು ಯಾರೋ ಹರಿದುಕೊಂಡಿದ್ದಾರೆ, ಒಳ್ಳೆಯದೇ ಆಯಿತು. ಬೆಳಿಗ್ಗೆ ಐದಕ್ಕೆದ್ದು ಕೂರುತ್ತೇನೆ. ನಿನ್ನ ಭಾವ ಹಾಸಿಗೆಯಿಂದಲೇ ಪ್ರಶ್ನೆ ಓದುತ್ತಾರೆ. ನಾನು ತಪ್ಪಿದರೆ ಅವರಿಗೆ ಗೊತ್ತಾಗುವುದಿಲ್ಲ, ಆದರೂ ತಲೆಯಾಡಿಸುತ್ತಾರೆ.

ಇದರೊಂದಿಗೆ ನಾಲ್ಕು ಲೆಕ್ಕ ಇವೆ. ನಾನೇ ಮಾಡಿದ್ದು. ಸರಿಯೋ ತಪ್ಪೋ ಎಂದು ಗುರುತು ಹಾಕಿ ಕಳಿಸು. ತಪ್ಪಿದ್ದರೆ ಎಲ್ಲಿ ಎಂದು ಹೇಳಬೇಡ.

ಅಕ್ಕ


ಜುಲೈ 27

ಅಕ್ಕ,

ಒಂದು, ಎರಡು, ಮೂರು ಸರಿ. ನಾಲ್ಕನೆಯದು ತಪ್ಪು.

ಎಲ್ಲಿ ಎಂದು ಹೇಳಬೇಡ ಎಂದಿದ್ದೀಯ. ಹೇಳುವುದಿಲ್ಲ. ನಾಲ್ಕಕ್ಕೆ ಪರೀಕ್ಷೆ, ಈ ಪತ್ರ ಸಿಗುವಾಗ ಎರಡೋ ಮೂರೋ ದಿನ ಉಳಿದಿರುತ್ತದೆ. ಸಾವಧಾನವಾಗಿ ನೋಡು. ಕೆಂಪು ಪೆನ್ನು ಹಿಡಿದು ಇಷ್ಟು ಹೊತ್ತು ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ.

ಪುಟ್ಟಿ


ಆಗಸ್ಟ್ 6

ಪುಟ್ಟಿ,

ನಿನ್ನ ಕಾಗದ ಒಂದನೇ ತಾರೀಕು ಬಂತು. ನಾಲ್ಕನೆಯದಕ್ಕೆ ನೀನು ಹಾಕಿದ ಗೀಟು ನೋಡಿ ಅಲ್ಲೇ ಮತ್ತೆ ಲೆಕ್ಕ ಬಿಡಿಸಲು ಕೂತೆ. ಸಲ್ಫ್ಯೂರಿಕ್ ಆಮ್ಲ 1,200 ಲೀಟರ್, 0.03. ಹಾಕಬೇಕಾದದ್ದು ಕಾಸ್ಟಿಕ್ ಸೋಡಾ ಅಲ್ಲ, ಅರಳಿದ ಸುಣ್ಣ. ನನ್ನ ಉತ್ತರ ಎರಡು ಕಿಲೋ ಆರುನೂರ ಅರವತ್ತನಾಲ್ಕು ಗ್ರಾಂ.

ಮೂರು ದಿನದಲ್ಲಿ ಆರು ಸಲ ಮಾಡಿದೆ. ಆರು ಸಲವೂ ಅದೇ ಬಂತು. “ಅವಳು ಮೇಡಂ, ನೀನು ತೊಳೆಯೋಳು. ಅವಳು ತಪ್ಪು ಅಂದ್ರೆ ತಪ್ಪೇ” ಎಂದರು ನಿನ್ನ ಭಾವ. ನಿಜ ಹೇಳಬೇಕೆಂದರೆ ನಾನೂ ಒಂದು ಸಲ ದುಪ್ಪಟ್ಟು ಮಾಡಿ ಬರೆದೆ, ಆಮೇಲೆ ಹೊಡೆದುಹಾಕಿದೆ. ಬಸ್ಸಿನಲ್ಲಿ ಕೂತಾಗಲೂ ತೀರ್ಮಾನವಾಗಿರಲಿಲ್ಲ.

ಪರೀಕ್ಷೆಯಲ್ಲಿ ಮೊದಲು ಬರೆಯುವುದು, ಆಮೇಲೆ ಒಬ್ಬೊಬ್ಬರನ್ನೇ ಕರೆದು ಕೇಳುವುದು. ಒಳಗೆ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಬೇರೆ ಸಂಖ್ಯೆ, ಆದರೆ ಅದೇ ಜೋಡಿ: ಸಲ್ಫ್ಯೂರಿಕ್, ಸುಣ್ಣ. ನಾನು ಹೇಗೆ ಮಾಡಿದ್ದೆನೋ ಹಾಗೇ ಬರೆದಿದ್ದೆ. ಅವರು ನನ್ನ ಹಾಳೆಯ ಮೇಲೆ ಬೆರಳಿಟ್ಟು ಕೇಳಿದರು.

“ಸಲ್ಫ್ಯೂರಿಕ್‌ಗೆ ದುಪ್ಪಟ್ಟು ಹಾಕ್ಬೇಕು ಅಂತ ನಿಮಗೆ ಯಾರೂ ಹೇಳಲಿಲ್ವಾ?”

“ಹೇಳಿದಾರೆ ಮೇಡಂ.”

“ಮತ್ತೆ ಯಾಕೆ ಹಾಕಲಿಲ್ಲ?”

“ಸೋಡಾ ಆದ್ರೆ ಒಂಟಿಕೈ, ಹಾಕ್ಬೇಕು” ಎಂದೆ. “ಸುಣ್ಣಕ್ಕೂ ಎರಡು ಕೈ ಇದೆ ಮೇಡಂ. ಇವನಿಗೆ ಎರಡು, ಅವನಿಗೆ ಎರಡು. ಒಬ್ಬನಿಗೆ ಒಬ್ಬ ಸಾಕು. ದುಪ್ಪಟ್ಟು ಹಾಕಿದ್ರೆ ಅರ್ಧ ಸುಣ್ಣ ಕೈಬೀಸಿಕೊಂಡು ಕಾಲುವೆಗೆ ಹೋಗುತ್ತೆ.”

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಇದನ್ನ ಎಲ್ಲಿ ಕಲ್ತಿರಿ?”

“ಕೈ ಎಣಿಸೋದು ತಂಗಿ ಹೇಳಿಕೊಟ್ಟಿದ್ದು. ಸುಣ್ಣದ ಕೈ ನಾನೇ ಎಣಿಸಿದ್ದು.”

ಪಾಸಾದ ಚೀಟಿ ಅಲ್ಲೇ ಕೊಟ್ಟರು. ಯಜಮಾನರು ಅದನ್ನು ಎರಡು ಸಲ ಓದಿ, ಹಿಂದುಗಡೆ ತಿರುಗಿಸಿ ನೋಡಿ, ಮೇಜಿನ ಖಾನೆಯಿಂದ ಕೀಲಿ ತೆಗೆದು ಮುಂದಿಟ್ಟರು. ಉಳಿದ ನಾಲ್ವರಿಗೆ ತಿಂಗಳ ಕೊನೆಯವರೆಗೆ ಅವಧಿ ಕೊಟ್ಟಿದ್ದಾರೆ. ಅವರ ಕಡೆ ನೋಡಲು ನನಗಿನ್ನೂ ಆಗುತ್ತಿಲ್ಲ.

ನೀನು ಯಾಕೆ ತಪ್ಪು ಗೀಟು ಹಾಕಿದೆ ಎಂದು ಯೋಚಿಸಿದೆ. ಸಲ್ಫ್ಯೂರಿಕ್ ಎಂಬ ಹೆಸರು ಕಂಡದ್ದೇ ನಿನಗೆ ಜೂನ್ ತಿಂಗಳು ಕಂಡಿರಬೇಕು. ಹೆದರಿದವರು ಸುಣ್ಣದ ಕಡೆ ನೋಡುವುದಿಲ್ಲ. ಅದಕ್ಕೇ ನನಗೆ ನಿನ್ನ ಮೇಲೆ ಸಿಟ್ಟು ಬರಲಿಲ್ಲ. ಬರಲಿ ಎಂದು ಸ್ವಲ್ಪ ಹೊತ್ತು ಕಾದೆ ಕೂಡ.

ತೊಟ್ಟಿ ಕೋಣೆಯ ಸ್ಟೂಲಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಇವತ್ತಿನದು 1,615 ಲೀಟರ್. ಲೆಕ್ಕ ಮಾಡಿದ್ದಾಯಿತು, ಹುಯ್ದದ್ದಾಯಿತು, ಕಾಗದ ಅದ್ದಿ ಗೋಡೆಗೆ ಅಂಟಿಸಿದ್ದೇನೆ. ಉದ್ದಣ್ಣ ಹೊರಗಿನಿಂದ, “ತೆರೀಲಾ ಅಕ್ಕಾ?” ಎಂದು ಕೂಗುತ್ತಿದ್ದಾನೆ. ನಿಲ್ಲಿಸುತ್ತೇನೆ. ವಾಲ್ವ್ ಬಿಗಿ, ಅದಕ್ಕೆ ಎರಡೂ ಕೈ ಬೇಕು.

ಅಕ್ಕ